ಬಲಗಡೆಯ ಕಾಲಂ

ನಾನು ತೋಟದ ರೈಟರು. ಬರೆಯುವುದೇ ಕಸುಬು:
ಯಾರು ಬಂದರು, ಯಾರಿಲ್ಲ,
ಯಾರ ಚೀಲ ಎಷ್ಟು ತೂಗಿತು.
ಹಾಗಾಗಿ ಎವುಜಿನ್ ಸ್ವಾಮಿಗಳು
ತಪಸ್ಸು ಕಾಲದ ಮೊದಲ ಶುಕ್ರವಾರ
ಶಿಲುಬೆ ಹಾದಿ ಮುಗಿದ ಮೇಲೆ
ಅಮ್ಮತ್ತಿಯ ಇಗರ್ಜಿಯ ಹಿಂಬದಿ ಕೋಣೆಗೆ ಕರೆದು
ಹೊಸ ಲೆಡ್ಜರೊಂದನ್ನು ಕೈಗಿಟ್ಟರು.
"ಎಡಕ್ಕೆ ಪ್ರಶ್ನೆ ಬರಿ ಬಾಲ್ತು, ಬಲಕ್ಕೆ ಉತ್ತರ.
ಕೇಳಿದ್ದನ್ನು ತಿದ್ದಬೇಡ. ಹೇಳಿದ್ದನ್ನೂ."

ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ.
ಬೆಲ್ಲದ ಕಾಫಿ ಕುಡಿದರು, ಲೋಟ ತೊಳೆದಿಟ್ಟು ಹೋದರು.
ಹಾಜರಿ: ಹನ್ನೊಂದು. ಪ್ರಶ್ನೆ: ಇಲ್ಲ.

ಎರಡನೇ ವಾರ ಮೆಂಡೋನ್ಸಾ, ನಗೆಚಾಟಿಕೆಯ ಹಾಗೆ:
"ಹೂಮಳೆಗೆ ನಾನೂ ಬೇಡಿದೆ, ಪಕ್ಕದವನೂ ಬೇಡಿದ.
ಬೇಲಿಯಾಚೆ ಸುರಿಯಿತು, ಈಚೆ ಹನಿಯಿಲ್ಲ.
ದೇವರಿಗೆ ಸರ್ವೆ ನಂಬರ್ ಗೊತ್ತಾ ಸ್ವಾಮಿ?"
ಸ್ವಾಮಿಗಳೂ ನಕ್ಕರು:
"ಮೋಡಕ್ಕೆ ಗೊತ್ತಿಲ್ಲ, ಅಷ್ಟು ಖಾತ್ರಿ."
ಅದನ್ನೇ ಬಲಗಡೆ ಬರೆದೆ.
ಉತ್ತರವೋ ಅಲ್ಲವೋ, ಒಂದು ಗೆರೆ ತುಂಬಿತು.

ಬೆಂಚಿನ ತುದಿಯಲ್ಲಿ ಸ್ವೆಟರು ತೊಟ್ಟ ಮಾಚಯ್ಯ,
ಸುಬೇದಾರರಾಗಿದ್ದವರು, ನಮ್ಮ ಮತದವರಲ್ಲ,
ಕಾಫಿಗೆ ಬಂದವರು ಮಾತಿಗೆ ಉಳಿದರು:
"ನಮ್ಮ ಐನ್‌ಮನೆಯಲ್ಲಿ ಕಾರಣ ಅಜ್ಜನಿಗೆ ಮೀದಿ ಇಡುತ್ತೇವೆ.
ನಿಮ್ಮ ಯೇಸುವಿನ ಹೆಸರೇ ಕೇಳದೆ ಸತ್ತವನು.
ಈಗ ಎಲ್ಲಿದ್ದಾನೆ? ಉಪಾಯ ಬೇಡ, ಊರು ಹೇಳಿ."
ಸ್ವಾಮಿಗಳು ಲೋಟ ತಿರುಗಿಸುತ್ತ ಕೂತರು.
"ಸೆಮಿನರಿಯಲ್ಲಿ ಒಬ್ಬರು ಒಂದು ಹೇಳಿದರು,
ಮನೆಯಲ್ಲಿ ನನ್ನಮ್ಮ ಇನ್ನೊಂದು ಹೇಳುತ್ತಿದ್ದಳು.
ನಾನು ಅಮ್ಮನ ಕಡೆ."
"ಅಮ್ಮ ಏನೆನ್ನುತ್ತಿದ್ದರು?"
"ಅವನ ಮನೆಗೆ ಬಾಗಿಲು ಬಹಳ, ಎಣಿಸಬೇಡ ಅನ್ನುತ್ತಿದ್ದಳು."
ಮಾಚಯ್ಯ ತಲೆಯಾಡಿಸಲಿಲ್ಲ. ಎದ್ದೂ ಹೋಗಲಿಲ್ಲ.

ನಾಲ್ಕನೇ ವಾರ ಆರೋಗ್ಯಮೇರಿ.
ಲೈನ್‌ಮನೆಯಿಂದ ಟಾರ್ಚು ಹಿಡಿದು ಬಂದಳು,
ಕೂತ ಮೇಲೂ ಅದನ್ನು ಆರಿಸಲಿಲ್ಲ.
"ಸವರಿಮುತ್ತು ಸತ್ತದ್ದು ಬಲಿಪೂಜೆಗೆ ಬರುವಾಗ.
ಹಿಂದಿರುಗುವಾಗ ಅಲ್ಲ. ಬರುವಾಗ.
ಆನೆಯನ್ನು ಹಲಸು ಕರೆಯಿತು, ಅದರ ಮೇಲೆ ಸಿಟ್ಟಿಲ್ಲ.
ನನ್ನ ಗಂಡನನ್ನು ಗಂಟೆ ಕರೆಯಿತು.
ಗಂಟೆ ಹೊಡೆಸಿ ಕರೆದವರು ಯಾರು?
ಕರೆದು, ತಾವು ಎಲ್ಲಿಗೆ ಹೋದರು?"

"ದೇವರ ಚಿತ್ತ" ಎಂದರು ಜಸಿಂತಾ ಬಾಯಿ, ಮೆಲ್ಲಗೆ.
"ಆ ಮಾತು ಪೆಟ್ಟಿಗೆಯ ಜೊತೆಗೇ ಬಂದಿತ್ತು ಬಾಯಿ,
ಮೊಳೆಗಳ ಪೊಟ್ಟಣದಲ್ಲಿ."

ಸ್ವಾಮಿಗಳು ಕನ್ನಡಕ ತೆಗೆದರು. ಒರೆಸಲಿಲ್ಲ.
"ಗೊತ್ತಿಲ್ಲ ಅಮ್ಮ."
"ಬರೆಯಲೇ?" ಅಂದೆ.
"ಬರಿ."

ಆಗ ಅವಳು: "ರೈಟರೇ, ನಂದು ಓದಿ ಹೇಳಿ."
ಓದಿದೆ.
"ಕರೆದವರು ಅಂತ ಯಾರಂದರು? ಕರೆದವನು ಅಂದೆ.
ಹೋದರು ಅಲ್ಲ, ಹೋದ.
ಅವನ ಹತ್ತಿರ ನನ್ನದು ಏಕವಚನ.
ಬಹುವಚನದಲ್ಲಿ ಜಗಳ ಆಗುತ್ತದಾ?"

ತಿದ್ದಬೇಡ ಎಂದಿದ್ದರಲ್ಲ, ತಿದ್ದಿದ್ದೆ,
ಕೈ ತಾನಾಗಿ ಮರ್ಯಾದೆ ಸೇರಿಸಿತ್ತು.
ಎರಡು 'ರು' ಹೊಡೆದು ಹಾಕಿದೆ.
ಪೆನ್ನು ಕಾಗದದ ಮೇಲೆ ಗೀರಿದ ಸದ್ದು
ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಮರುವಾರ ಎಲ್ಲರಿಗಿಂತ ಮೊದಲು ಬಂದವಳು ಅವಳೇ.
ಬೆಂಚು ಎಳೆದು ಹಾಕಿದಳು, ಸಕ್ಕರೆ ಬೇಡ ಅಂದಳು.
ಹೂಮಳೆಯೂ ಬಂತು,
ಅರ್ಧ ಮೊಗ್ಗು ಕರಟಿದ ಮೇಲೆ, ತಡವಾಗಿ.
ಯಾರೂ ಅದನ್ನು ಉತ್ತರವೆನ್ನಲಿಲ್ಲ.

ಲೆಡ್ಜರಿನ ಆ ಪುಟದ ಬಲಗಡೆ
ಒಂದೇ ಒಂದು 'ಗೊತ್ತಿಲ್ಲ',
ಅದರ ಕೆಳಗೆ ಯಾರದೋ ಲೋಟದ ತಳ
ಒತ್ತಿಹೋದ ಕಂದು ಬಳೆ.

ನನ್ನದೂ ಒಂದಿದೆ.
ಪೆನ್ನು ನನ್ನ ಕೈಯಲ್ಲೇ ಇರುವುದರಿಂದ
ಯಾರೂ ಕೇಳಿಲ್ಲ.
ಅವನು ಸತ್ತ ಮರುದಿನ, ಸೋಮವಾರ,
ಹಾಜರಿ ಪುಸ್ತಕದಲ್ಲಿ ಸವರಿಮುತ್ತುವಿನ ಮುಂದೆ
ಗೈರು ಎಂದು ಬರೆದವನು ನಾನು.
ಗೊತ್ತಿದ್ದೂ. ಬೇರೆ ಪದ ಇರಲಿಲ್ಲ.

ಮುಂದಿನ ಶುಕ್ರವಾರ
ಪೆನ್ನು ಮಾಚಯ್ಯನವರಿಗೆ ಕೊಡಬೇಕು.